ಕುರ್ಚಿಯಿಂದ ಆರಂಭಿಸಿ, ಮೇಡಂ

ಶರಣು ಮೇಡಂ. ಯಾದಗಿರಿಯ ನಿಮ್ಮ ಎಂಟನೇ ತರಗತಿಯ ಮಕ್ಕಳಿಗೆ ಸಿನಿಮಾ ಹಾಡಿನ ಕುಣಿತ ಮಾತ್ರ ಗೊತ್ತು, ಸಮಕಾಲೀನ ನೃತ್ಯದ ಯಾವ ಕೃತಿಯಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಕಲಬುರಗಿಯ ಶಾಲೆಯೊಂದರಲ್ಲಿ ಕಲಿಸುವ ನಾನು ಸೂಚಿಸುವುದು ‘ರೋಸಾಸ್ ದಾನ್ಸ್ಟ್ ರೋಸಾಸ್’. ಬೆಲ್ಜಿಯಂನ ಆನ್ ತೆರೇಸಾ ಡಿ ಕೀರ್ಸ್‌ಮಾಕರ್ 1983ರಲ್ಲಿ ಸಂಯೋಜಿಸಿದ ಈ ಕೃತಿಯ ಒಂದು ಭಾಗವನ್ನು ನಾಲ್ವರು ನರ್ತಕಿಯರು ಕುರ್ಚಿಗಳ ಮೇಲೆ ಮಾಡುತ್ತಾರೆ. 2013ರಲ್ಲಿ ಅವರೇ ಅದನ್ನು ಬಿಡಿಬಿಡಿಯಾಗಿ ಕಲಿಸುವ ವಿಡಿಯೊ ಹೊರತಂದು, ಯಾರು ಬೇಕಾದರೂ ತಮ್ಮದೇ ರೂಪ ಕಟ್ಟಬಹುದು ಎಂದು ಕರೆ ಕೊಟ್ಟರು.

ನೆಲದಲ್ಲಿ ಉರುಳುವ ಕೃತಿಗಳು ಮೊದಲ ವರ್ಷ ಬೇಡ. ಶಹಾಬಾದ್ ಕಲ್ಲಿನ ನೆಲದಲ್ಲಿ ಮಕ್ಕಳ ಮೊಣಕಾಲು ನೋಯುತ್ತದೆ.

ಕುರ್ಚಿಯ ಭಾಗದಲ್ಲಿ ತಲೆ ತಿರುಗಿಸುವುದು, ಕೂದಲಲ್ಲಿ ಕೈಯಾಡಿಸುವುದು, ಹೀಗೆ ಚಲನೆಗಳೆಲ್ಲ ದಿನನಿತ್ಯದವೇ. ಕಷ್ಟವಿರುವುದು ಅವುಗಳ ತಾಳದ ಲೆಕ್ಕದಲ್ಲಿ. ಮೊದಲ ವಾರ ಸಂಗೀತವನ್ನೇ ಹಾಕಬೇಡಿ. ಪಕ್ಕದವರ ಉಸಿರು ಕೇಳಿಸಿಕೊಂಡು ಒಟ್ಟಿಗೆ ತಿರುಗುವುದನ್ನು ಕಲಿಯಲಿ. ಭುಜದಿಂದ ಬಟ್ಟೆ ಜಾರಿಸುವ ಚಲನೆಯನ್ನು ನನ್ನ ತರಗತಿಯಲ್ಲಿ ನಾನು ಕೈಬಿಟ್ಟು, ಆ ಜಾಗಕ್ಕೆ ಮನೆಯಲ್ಲಿ ಕಂಡದ್ದನ್ನು ತನ್ನಿ ಎಂದೆ. ಒಬ್ಬ ಹುಡುಗಿ ಜೋಳದ ರೊಟ್ಟಿ ಬಡಿಯುವ ಕೈಯನ್ನು ತಂದಳು: ಬಡಿ, ತಿರುಗಿಸು, ಮತ್ತೆ ಬಡಿ. ಎಷ್ಟು ಚೆನ್ನಾಗಿತ್ತು! ಪುನರಾವರ್ತನೆ ಎಂದರೇನು ಎಂದು ಆಮೇಲೆ ನಾನು ಯಾರಿಗೂ ವಿವರಿಸಬೇಕಾಗಲಿಲ್ಲ.

ಕೈಯಿಲ್ಲದ ಕುರ್ಚಿಗಳನ್ನೇ ಆರಿಸಿ. ವಾರ್ಷಿಕೋತ್ಸವದ ಪಟ್ಟಿಯಲ್ಲಿ ಮೂಲ ಸಂಯೋಜಕಿಯ ಹೆಸರಿನ ಪಕ್ಕದಲ್ಲಿ, ಚಲನೆ ಸೇರಿಸಿದ ಮಕ್ಕಳ ಹೆಸರುಗಳನ್ನೂ ಹಾಕಿಸಿ.