ಗರ್ಭಪಾತದ ಮಾತ್ರೆ ತೆಗೆದುಕೊಂಡ ಮೇಲೆ ರಕ್ತ ಎಷ್ಟು ದಿನ ಹೋಗುತ್ತದೆ? ಆಸ್ಪತ್ರೆಗೆ ಯಾವಾಗ ಓಡಬೇಕು?

ಮಿಸೊಪ್ರೊಸ್ಟಾಲ್ (ಗರ್ಭಪಾತಕ್ಕೆ ಕೊಡುವ ಎರಡನೇ ಮಾತ್ರೆ) ತೆಗೆದುಕೊಂಡ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಹಿಂಡಿದ ಹಾಗಾಗಿ ಜೋರಾಗಿ ರಕ್ತ ಹೋಗುತ್ತದೆ. ನಿಂಬೆಹಣ್ಣಿನಷ್ಟು ಗಡ್ಡೆ ಬಿದ್ದರೂ ಗಾಬರಿ ಬೇಡ. ಒಂದೆರಡು ದಿನದಲ್ಲಿ ಇಳಿಯುತ್ತದೆ, ಎರಡು ವಾರ ಮುಟ್ಟಿನ ಹಾಗೆ ಇರುತ್ತದೆ. ಕೆಲವರಿಗೆ ತಿಂಗಳವರೆಗೂ ಕಲೆ ಕಾಣಿಸಬಹುದು.

ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ ಸತತ ಎರಡು ಗಂಟೆ ಪೂರ್ತಿ ನೆನೆದರೆ ಕಾಯಬೇಡಿ, ಹೊರಡಿ. ಮಾತ್ರೆಯ ದಿನದ ಚಳಿಜ್ವರ ಔಷಧದ್ದೇ. 24 ಗಂಟೆ ಕಳೆದ ಮೇಲೂ 100.4 ಡಿಗ್ರಿ ಇದ್ದರೆ, ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ ಸೋಂಕಿರಬಹುದು. ರಕ್ತವೇ ಹೋಗದಿದ್ದರೂ ಡಾಕ್ಟರನ್ನು ಕಾಣಿ. ಅದರ ಜೊತೆ ಒಂದೇ ಪಕ್ಕ ನೋವು, ತಲೆಸುತ್ತು ಇದ್ದರೆ ಗರ್ಭವು ಗರ್ಭಕೋಶದ ಬದಲು ನಾಳದಲ್ಲಿ ನಿಂತಿರಬಹುದು, ಅದು ಜೀವಕ್ಕೇ ಅಪಾಯ.

ನೋವಿಗೆ ಊಟವಾದ ಮೇಲೆ ಐಬುಪ್ರೊಫೆನ್ 400 ಮಿ.ಗ್ರಾಂ., 6–8 ಗಂಟೆಗೊಮ್ಮೆ (ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗಲ್ಲ). ಬಾಣಂತಿ ಪಥ್ಯ ಬೇಕಿಲ್ಲ. ಸೊಪ್ಪು, ಕಾಳು, ಮೊಟ್ಟೆ ತಿನ್ನಿ.

ಮೂತ್ರದ ಗರ್ಭಪರೀಕ್ಷೆಯನ್ನು ವಾರಕ್ಕೇ ಮಾಡಿ ಹೆದರುವವರು ಬಹಳ. ಗರ್ಭದ ಹಾರ್ಮೋನ್ ಇಳಿಯಲು ಸಮಯ ಬೇಕು, ನಾಲ್ಕು ವಾರಕ್ಕೆ ಮಾಡಿ. 14ನೇ ದಿನದ ತಪಾಸಣೆ ಮಾತ್ರ ಬಿಡಬೇಡಿ. ಇನ್ನೊಂದು: ಮುಟ್ಟು ಬರುವ ಮೊದಲೇ, ಎರಡು ವಾರದೊಳಗೇ, ಮತ್ತೆ ಗರ್ಭ ನಿಲ್ಲಬಹುದು.