ಶೂಟಿಂಗ್ ಜಾಕೆಟ್ ಸೊಂಟದಲ್ಲಿ ಸಡಿಲ, ಎರಡೂ ಪಕ್ಕ ಹಿಡಿಸಿ ಹೊಲಿಸಿದರೆ ಸಾಕಾ?

ಸೆಕೆಂಡ್ ಹ್ಯಾಂಡ್ ಜಾಕೆಟ್, 10 ಮೀಟರ್ ಏರ್ ರೈಫಲ್, ಟೈಲರ್ ಹತ್ತಿರ ಪಕ್ಕ ಹಿಡಿಸಿ ಮೈಗೆ ಬಿಗಿ ಮಾಡಿಸಬೇಕು ಅಂತಿದ್ದೀರಿ. ನಾನೂ ಇದನ್ನೇ ಮಾಡಿಸಿದ್ದೆ, ಪಂದ್ಯಕ್ಕೆ ಹನ್ನೆರಡು ದಿನ ಇರುವಾಗ. ಇಕ್ವಿಪ್‌ಮೆಂಟ್ ಕಂಟ್ರೋಲ್, ಅಂದರೆ ಪಂದ್ಯಕ್ಕೆ ಮುಂಚೆ ಉಡುಪು, ಸಲಕರಣೆ ಅಳೆದು ನೋಡುವ ಮೇಜಿನ ಮುಂದೆ ನನ್ನ ಜಾಕೆಟ್ ಫೇಲ್ ಆಯಿತು. ಇನ್ನೊಬ್ಬರ ಜಾಕೆಟ್ ಹಾಕಿಕೊಂಡು ಆ ಪಂದ್ಯ ಮುಗಿಸಿದೆ. ಭುಜ ಕೂರಲಿಲ್ಲ, ಮೊಣಕೈ ಸೊಂಟದ ಮೂಳೆ ಮೇಲೆ ನಿಲ್ಲಲಿಲ್ಲ.

ತಪ್ಪು ಆಗಿದ್ದು ಒಂದು ಲೆಕ್ಕದಲ್ಲಿ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಟೈಲರ್‌ಗೆ ನೀವೂ ಅದೇ ಮಾತು ಹೇಳುವ ಸಾಧ್ಯತೆ ಹೆಚ್ಚು. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಜಾಕೆಟ್ ಸಡಿಲವಾಗಿಯೇ ಇರಬೇಕು. ಗುಂಡಿ ಹಾಕುವ ಮಾಮೂಲು ಜಾಗದಿಂದ ಇನ್ನೂ ಕನಿಷ್ಠ 70 ಮಿ.ಮೀ. ಆಚೆಗೆ ಮುಂಭಾಗ ಒಂದರ ಮೇಲೊಂದು ಬರಬೇಕು. ಕೈ ಪಕ್ಕಕ್ಕೆ ಇಳಿಬಿಟ್ಟು ನಿಲ್ಲಿಸಿ, 6ರಿಂದ 8 ಕೆ.ಜಿ. ಎಳೆತ ಕೊಟ್ಟು, ಗುಂಡಿಯ ಮಧ್ಯದಿಂದ ಕಾಜಾದ ಹೊರ ಅಂಚಿನವರೆಗೆ ಅಳೆಯುತ್ತಾರೆ. ನನ್ನದು 120 ಮಿ.ಮೀ. ಇತ್ತು. 40 ತೆಗೆದರೆ 80 ಉಳಿಯುತ್ತೆ, 10 ಮಿ.ಮೀ. ಕೈಯಲ್ಲಿರುತ್ತೆ ಅಂತ ಲೆಕ್ಕ ಹಾಕಿ "ಒಂದೊಂದು ಪಕ್ಕ ಎರಡು ಸೆಂಟಿಮೀಟರ್ ಹಿಡಿಯಿರಿ" ಅಂದೆ. ಅವರು ಹಳೆ ಹೊಲಿಗೆಯಿಂದ ಎರಡು ಸೆಂಟಿಮೀಟರ್ ಒಳಗೆ ಹೊಸ ಹೊಲಿಗೆ ಹಾಕಿದರು. ಟೈಲರ್ ಭಾಷೆಯಲ್ಲಿ ಅದು ಸರಿಯಾದ ಕೆಲಸವೇ. ಆದರೆ ಹೊಲಿಗೆಯಲ್ಲಿ ಮುಂದಿನ ಪದರ ಒಂದು, ಹಿಂದಿನ ಪದರ ಒಂದು. ಹೊಲಿಗೆ ಗೆರೆ 20 ಮಿ.ಮೀ. ಸರಿದರೆ ಸುತ್ತಳತೆಯಲ್ಲಿ 40 ಹೋಗುತ್ತೆ, ಎರಡು ಪಕ್ಕ ಸೇರಿ 80. ಉಳಿದದ್ದು 40 ಮಿ.ಮೀ. ಮಾತ್ರ. ನಾನು ಹೇಳಬೇಕಾಗಿದ್ದು "ಗೆರೆ 10 ಮಿಲಿಮೀಟರ್ ಸರಿಸಿ" ಅಂತ.

ಬಿಚ್ಚಿ ಸರಿ ಮಾಡಬಹುದಿತ್ತಲ್ಲ ಅನ್ನಿಸಬಹುದು. ಒಳಗೆ ಉಳಿದ ಬಟ್ಟೆ ದಪ್ಪವಾಗಿ ಒತ್ತುತ್ತೆ ಅಂತ ಅವರು ಅದನ್ನು ಕತ್ತರಿಸಿ ಹಾಕಿದ್ದರು. ಕತ್ತರಿಸಬೇಡಿ ಅಂತ ನಾನು ಹೇಳಿರಲಿಲ್ಲ. ಆಮೇಲೆ ಎರಡೂ ಪಕ್ಕ ಬಿಚ್ಚಿಸಿ, ಅದೇ ದಪ್ಪದ ಕ್ಯಾನ್ವಾಸ್‌ನಲ್ಲಿ 40 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಎರಡೂ ಅಂಚಿಗೆ 10 ಮಿ.ಮೀ. ಮಡಿಕೆ ಬಿಟ್ಟು ಸೇರಿಸಿ ಹೊಲಿಸಬೇಕಾಯಿತು. ಪಕ್ಕಕ್ಕೆ 20ರಂತೆ ವಾಪಸ್ ಬಂದು ಮತ್ತೆ 80 ಆಯಿತು. ಆ ಪಟ್ಟಿ ಈಗಲೂ ಮೊಣಕೈ ಕೆಳಗೆ ಏಣಿನಂತೆ ಕೈಗೆ ಸಿಗುತ್ತೆ.

ಇನ್ನು ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಬಿಗಿಯಾದ ಜಾಕೆಟ್ ಅಂದರೆ ಸರಿಯಾದ ಜಾಕೆಟ್ ಅಲ್ಲ. ನೆಟ್ಟಗೆ ನಿಂತು ಕನ್ನಡಿ ನೋಡಿದರೆ ಏನೂ ಗೊತ್ತಾಗಲ್ಲ. ಪಂದ್ಯಕ್ಕೆ ಹಾಕುವ ಅದೇ ಇನ್ನರ್, ಅದೇ ಸ್ವೆಟರ್, ಅದೇ ಪ್ಯಾಂಟ್ ಹಾಕಿ, ರೈಫಲ್ ಎತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ ನಿಂತಾಗ ಹೆಚ್ಚುವರಿ ಬಟ್ಟೆ ಎಲ್ಲಿ ಹೋಗಿ ಕೂರುತ್ತೆ ಅನ್ನುವುದೇ ಮುಖ್ಯ. ಬಲಗೈಯವರಾದರೆ ಎಡ ಮೊಣಕೈ ಮತ್ತು ಎಡ ಸೊಂಟದ ಮೂಳೆಯ ನಡುವೆ ಬೆರಳು ತೂರಿಸಿ ನೋಡಿಸಿ. ಅಲ್ಲಿ ಬಟ್ಟೆ ಮುದ್ದೆಯಾಗಿ ಸಿಕ್ಕರೆ ಮೊಣಕೈ ಮೂಳೆ ಮೇಲೆ ಕೂರದೆ ಮುದ್ದೆ ಮೇಲೆ ಕೂರುತ್ತೆ, ಪ್ರತಿ ಶಾಟ್‌ಗೂ ಎತ್ತರ ಬದಲಾಗುತ್ತೆ. ಮುದ್ದೆ ಇಲ್ಲದಿದ್ದರೆ ಎದೆ ಸಡಿಲವಿದ್ದರೂ ಮುಟ್ಟಬೇಡಿ.

ಮೊದಲು ಭುಜ ನೋಡಿ. ಭುಜದ ಹೊಲಿಗೆ ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ತೋಳಿನ ಮೇಲೆ ಜಾರಿದ್ದರೆ ಆಲ್ಟರೇಶನ್‌ಗೆ ದುಡ್ಡು ಹಾಕದೆ ಆ ಜಾಕೆಟ್ ಮಾರಿಬಿಡಿ. ಭುಜ ಬಿಚ್ಚಿದರೆ ಶೋಲ್ಡರ್ ಪ್ಯಾಡ್, ತೋಳಿನ ತಿರುವು ಎಲ್ಲ ಜಾಗ ಬಿಡುತ್ತೆ. ಭುಜ ಸರಿ ಇದ್ದರೆ ಮೊದಲ ಕೆಲಸ ಗುಂಡಿ ಸರಿಸುವುದು, ಅದೂ 10 ಮಿ.ಮೀ. ಮಾತ್ರ. ಒಂದು ವಾರ ಹಾಗೇ ಶೂಟ್ ಮಾಡಿ. ಗುಂಡಿ ಸರಿಸಿದ್ದೂ ಮೇಲೆ ಹೇಳಿದ, 70 ಮಿ.ಮೀ. ಇರಲೇಬೇಕಾದ ಅದೇ ಓವರ್‌ಲ್ಯಾಪ್‌ನಿಂದ ಕಳೆಯುತ್ತೆ ಅನ್ನುವುದು ನೆನಪಿರಲಿ. ಆದರೆ ಅದನ್ನು ವಾಪಸ್ ಹಾಕಬಹುದು, ಕತ್ತರಿಸಿದ ಬಟ್ಟೆಯನ್ನು ಆಗಲ್ಲ.

ಎಷ್ಟು ತೆಗೆಯಬಹುದು ಅಂತ ಮನೆಯಲ್ಲೇ ಅಳೆಯಿರಿ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಕಾಜಾಗೆ ಸಿಕ್ಕಿಸಿ, 7 ಕೆ.ಜಿ. ತೋರಿಸುವವರೆಗೆ ಇನ್ನೊಬ್ಬರಿಂದ ಎಳೆಸಿ, ಪ್ರತಿ ಗುಂಡಿ ಹತ್ತಿರವೂ ಅಳತೆ ಬರೆದುಕೊಳ್ಳಿ. ಬಂದ ಅಳತೆಯಲ್ಲಿ 70 ಕಳೆದು, ಇನ್ನೂ 15 ಕಳೆಯಿರಿ. ಉಳಿದದ್ದು ನಿಮ್ಮ ಬಜೆಟ್. ನನ್ನ 10 ಮಿ.ಮೀ. ಉಳಿಕೆ ಸಾಕಾಗುವಂಥದ್ದಲ್ಲ, ದಪ್ಪನೆಯ ಸ್ವೆಟರ್ ಒಂದೇ ಅದನ್ನು ತಿಂದುಬಿಡುತ್ತೆ. ಹೊಲಿಗೆ ಗೆರೆ ಎಷ್ಟು ಸರಿಯಬೇಕು ಅಂದರೆ, ಬಜೆಟ್ ಭಾಗಿಸು ನಾಲ್ಕು. ಅದನ್ನು ಮಿಲಿಮೀಟರ್‌ನಲ್ಲೇ ಬರೆದು, ಜಾಕೆಟ್ ಮೇಲೆ ಚಾಕ್ ಗೆರೆ ಎಳೆದು ಕೊಡಿ. ಬಾಯಿಮಾತು ಬೇಡ. ಕಂಕುಳಿಂದ ಪೂರ್ತಿ ಹಿಡಿಯದೆ, ಕೊನೆಯ ಎರಡು ಗುಂಡಿಯ ಮಟ್ಟದಿಂದ ಕೆಳಕ್ಕೆ ಮಾತ್ರ ನಿಧಾನವಾಗಿ ಒಳಕ್ಕೆ ತನ್ನಿ. ಕಂಕುಳ ಹತ್ತಿರ ಬಿಗಿಯಾದರೆ ಎಡಗೈ ಮುಂದೆ ಹೋದಾಗ ಬೆನ್ನಿನ ಬಟ್ಟೆ ಎಳೆಯುತ್ತೆ.

ಶರ್ಟ್ ಹೊಲಿಯುವ ಟೈಲರ್ ಮೆಷಿನ್‌ಗೆ ಈ ಕ್ಯಾನ್ವಾಸ್ ಬಗ್ಗಲ್ಲ, ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತೆ. ಬ್ಯಾಗ್ ರಿಪೇರಿಯವರು ಅಥವಾ ಸೀಟ್ ಕವರ್ ಹೊಲಿಯುವವರು ವಾಸಿ, ಬೆಂಗಳೂರಾದರೆ ಜೆ.ಸಿ. ರಸ್ತೆ ಕಡೆ ವಿಚಾರಿಸಿ. 18ನೇ ನಂಬರ್ ಸೂಜಿ, ಬಾಂಡೆಡ್ ನೈಲಾನ್ ದಾರ, 4 ಮಿ.ಮೀ. ಹೊಲಿಗೆ. ಲೆದರ್ ಇರುವ ಕಡೆ ಗುಂಡುಸೂಜಿ ಬೇಡ, ತೂತು ಮುಚ್ಚಲ್ಲ, ಕ್ಲಿಪ್ ಹಾಕಿ. ಒಳಗೆ ಬಕ್ರಂ, ಗಮ್ ಏನೂ ಹಾಕಬೇಡಿ ಅಂತ ಒತ್ತಿ ಹೇಳಿ. ಗಟ್ಟಿತನದ ಪರೀಕ್ಷೆಯಲ್ಲಿ 1 ಕೆ.ಜಿ. ಭಾರಕ್ಕೆ ಬಟ್ಟೆ ಕನಿಷ್ಠ 3 ಮಿ.ಮೀ. ತಗ್ಗಲೇಬೇಕು, ಗಮ್ ಒಣಗಿದ ಕಡೆ ತಗ್ಗಲ್ಲ. ಬಟ್ಟೆಯ ದಪ್ಪಕ್ಕೂ ಒಂದು ಪದರಕ್ಕೆ 2.5 ಮಿ.ಮೀ. ಮಿತಿ ಇದೆ.

ಮೊದಲ ಸಲ ಉದ್ದನೆಯ ಕಚ್ಚಾ ಹೊಲಿಗೆ ಮಾತ್ರ ಹಾಕಿಸಿ ಮನೆಗೆ ತನ್ನಿ. ಮತ್ತೆ ತಕ್ಕಡಿ ಹಚ್ಚಿ ಅಳೆಯಿರಿ. ಎರಡು ಮೂರು ಪ್ರಾಕ್ಟೀಸ್ ಆದಮೇಲೆ ಪಕ್ಕಾ ಹೊಲಿಗೆ ಹಾಕಿಸಿ, ಒಳಗಿನ ಬಟ್ಟೆ ಕತ್ತರಿಸದೆ ಪೂರ್ತಿ ಹಾಗೇ ಮಡಚಿ ಉಳಿಸಲು ಹೇಳಿ. ಪಂದ್ಯ ಹತ್ತಿರ ಇದ್ದರೆ ಈಗ ಗುಂಡಿ ಬಿಟ್ಟು ಬೇರೇನೂ ಮುಟ್ಟಬೇಡಿ. ಇಕ್ವಿಪ್‌ಮೆಂಟ್ ಕಂಟ್ರೋಲ್ ಆದಮೇಲಂತೂ ಗುಂಡಿಯನ್ನೂ ಸರಿಸುವ ಹಾಗಿಲ್ಲ.