ಅಮ್ಮನ ಸಿಟಿ ಸ್ಕ್ಯಾನ್‌ನಲ್ಲಿ 5 ಎಂಎಂ ನಾಡ್ಯೂಲ್ ಅಂತ ಬಂದಿದೆ, ಕ್ಯಾನ್ಸರ್ ಇರಬಹುದಾ?

ನಿಮ್ಮ ತಾಯಿಗೆ 54 ವರ್ಷ, ಯಾವ ಚಟಾನೂ ಇಲ್ಲ, ಕೆಮ್ಮು ಅಂತ ಸಿಟಿ ಮಾಡ್ಸಿದ್ರೆ ಶ್ವಾಸಕೋಶದಲ್ಲಿ 5 ಎಂಎಂ ನಾಡ್ಯೂಲ್ ಅಂತ ಬಂತು, ರಾತ್ರಿ ನಿದ್ದೆ ಇಲ್ಲ ಅಂದಿದ್ದೀರಿ. ನಾನು ಸಿಟಿ ಟೆಕ್ನಿಷಿಯನ್, ಡಾಕ್ಟರ್ ಅಲ್ಲ, ಆದ್ರೆ ಇದೇ ಪದ ಓದಿ ಹೆದರಿ ಬರೋರನ್ನ ದಿನಾ ನೋಡ್ತೀನಿ.

3 ಸೆಂಟಿಮೀಟರ್ ಒಳಗಿನ ದುಂಡಗಿನ ಕಲೆಗೆಲ್ಲಾ ನಾಡ್ಯೂಲ್ ಅಂತಾನೇ ಬರೀತಾರೆ. ನಮ್ಮ ದೇಶದಲ್ಲಿ ಎಷ್ಟೋ ಸಲ ಅದು ಹಿಂದೆ ಯಾವಾಗ್ಲೋ ತಗುಲಿ ವಾಸಿಯಾದ ಟಿಬಿಯ ಗುರುತಾಗಿರುತ್ತೆ, ಟಿಬಿ ಬಂದಿತ್ತು ಅನ್ನೋದೇ ಅವರಿಗೆ ಗೊತ್ತಿರಲ್ಲ. ರಿಪೋರ್ಟಲ್ಲಿ ‘ಕ್ಯಾಲ್ಸಿಫೈಡ್ ಗ್ರ್ಯಾನುಲೋಮಾ’ ಅಂತ ಇದ್ರೆ ಗಾಯ ಒಣಗಿ ಸುಣ್ಣ ಕಟ್ಟಿದೆ ಅಂತ, ಬಹುತೇಕ ನಿರಾಳ.

ಕ್ಯಾನ್ಸರ್ ರಿಸ್ಕ್ ಕಮ್ಮಿ ಇರೋರಿಗೆ, ಗಟ್ಟಿ ನಾಡ್ಯೂಲ್ (ರಿಪೋರ್ಟಲ್ಲಿ ‘ಸಾಲಿಡ್’ ಅಂತಿರುತ್ತೆ) 6 ಎಂಎಂಗಿಂತ ಚಿಕ್ಕದಿದ್ರೆ ಮತ್ತೆ ಮತ್ತೆ ಸ್ಕ್ಯಾನ್ ಬೇಕಿಲ್ಲ ಅಂತಾನೇ ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಗೈಡ್‌ಲೈನ್ ಹೇಳುತ್ತೆ, 6ರಿಂದ 8 ಇದ್ರೆ 6-12 ತಿಂಗಳಿಗೆ ಇನ್ನೊಂದು ಸಿಟಿ, 8 ದಾಟಿದ್ರೆ 3 ತಿಂಗಳಿಗೆ ಸಿಟಿ ಇಲ್ಲಾ ಪೆಟ್ ಸ್ಕ್ಯಾನ್ (ಜೀವಕೋಶ ಚುರುಕಾಗಿರೋ ಜಾಗ ಹೊಳೆಯೋ ಹಾಗೆ ತೋರ್ಸೋ ಸ್ಕ್ಯಾನ್) ಇಲ್ಲಾ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಯೋಚನೆ ಮಾಡ್ತಾರೆ. (ಪೆಟ್‌ನಲ್ಲಿ ಹೊಳೆದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಟಿಬಿಯೂ ಹೊಳೆಯುತ್ತೆ.) ಮೊದಲೇ ಕ್ಯಾನ್ಸರ್ ಬಂದಿದ್ದೋರಿಗೆ, ರೋಗನಿರೋಧಕ ಶಕ್ತಿ ಕುಗ್ಗಿರೋರಿಗೆ, 35 ವರ್ಷದ ಒಳಗಿನವರಿಗೆ ಈ ಲೆಕ್ಕ ಹಿಡಿಯಂಗಿಲ್ಲ. ಬೀಡಿ ಸಿಗರೇಟ್ ಸೇದೋರು, ಅಂಚು ಮುಳ್ಳುಮುಳ್ಳಾಗಿರೋ ನಾಡ್ಯೂಲ್, ಇವೆಲ್ಲ ಇದ್ರೆ ಚಿಕ್ಕದಾದ್ರೂ ಡಾಕ್ಟರ್ ಬಿಡಲ್ಲ, ಬಿಡಲೂಬಾರದು. ‘ಗ್ರೌಂಡ್ ಗ್ಲಾಸ್’ (ಗಟ್ಟಿಯಲ್ಲದೆ ಮಂಜು ಮುಸುಕಿದಂತೆ ಕಾಣೋ ಕಲೆ) ಅಂತ ಬರೆದಿದ್ರೂ ಬೇರೆ ಲೆಕ್ಕ, ಅವು ತುಂಬಾ ನಿಧಾನ ಬೆಳೆಯೋದ್ರಿಂದ ದೊಡ್ಡದಿದ್ರೆ 5 ವರ್ಷದವರೆಗೂ ನೋಡ್ತಾರೆ.

ಈಗ ನೀವು ಮಾಡ್ಬೇಕಾಗಿರೋ ಮುಖ್ಯ ಕೆಲಸ ಹಳೇ ಸ್ಕ್ಯಾನ್ ಹುಡುಕೋದು. ಕೋವಿಡ್ ಟೈಮಲ್ಲಿ ಸಿಟಿ ಮಾಡ್ಸಿದ್ರಾ ಕೇಳಿ, ಬೀರುವಲ್ಲಿ ಸೀರೆ ಕೆಳಗೆ ಆ ದೊಡ್ಡ ಕವರ್ ಇನ್ನೂ ಇರುತ್ತೆ, ಫಿಲ್ಮ್ ಜೊತೆ ಸಿಡಿ ಇದ್ರೆ ಅದನ್ನೂ ತಗೊಂಡ್ಹೋಗಿ. ಗಟ್ಟಿ ನಾಡ್ಯೂಲ್ 2 ವರ್ಷ ಒಂದೇ ಅಳತೆಯಲ್ಲಿ ನಿಂತಿದ್ರೆ ಸಾಮಾನ್ಯವಾಗಿ ಅಪಾಯ ಇಲ್ಲ ಅಂತಾರೆ, ಯಾಕಂದ್ರೆ ಕ್ಯಾನ್ಸರ್ ಅಷ್ಟು ದಿನ ಸುಮ್ನೆ ಕೂರೋದು ಅಪರೂಪ. ಹಂಗಂತ 5 ಇದ್ದಿದ್ದು 6 ಆಯ್ತು ಅಂತ ಎದೆ ಒಡ್ಕೋಬೇಡಿ, ಅಷ್ಟು ವ್ಯತ್ಯಾಸ ಅಳೆಯೋದ್ರಲ್ಲೇ ಬರುತ್ತೆ, ಸ್ಲೈಸ್ (ಸಿಟಿ ತೆಗೆಯೋ ಒಂದೊಂದು ಪದರದ ಚಿತ್ರ) ದಪ್ಪ ಇದ್ರಂತೂ ಇನ್ನೂ ಜಾಸ್ತಿ, ಮುಂದೆ ಸ್ಕ್ಯಾನ್ ಬೇಕಾದ್ರೆ ಅದೇ ಸೆಂಟರಲ್ಲಿ ತೆಳು ಸ್ಲೈಸ್‌ನಲ್ಲಿ ಮಾಡ್ಸಿ.

ಕಫದಲ್ಲಿ ರಕ್ತ, ಸುಮ್ಮಸುಮ್ಮನೆ ತೂಕ ಇಳಿಯೋದು, ಸಂಜೆ ಜ್ವರ ಇದ್ರೆ ಮಾತ್ರ ಕಾಯ್ಬೇಡಿ, ನಾಳೇನೇ ಎದೆ ಡಾಕ್ಟರ ಹತ್ರ ಹೋಗಿ. ರಿಪೋರ್ಟಿನ ಕೊನೇಲಿ ‘ಇಂಪ್ರೆಶನ್’ ಅಂತ ಇರುತ್ತಲ್ಲ, ಅದನ್ನ ಹಂಗೇ ಟೈಪ್ ಮಾಡಿ ಹಾಕಿ, ಪದಗಳ ಅರ್ಥ ಹೇಳ್ತೀನಿ.